ಮಾವ ಹೊತ್ತ ಹರಕೆ

ನಮ್ಮ ಮಾವನ ಚಪ್ಪಲಿಗಳು ಯಾರ ಮನೆಯ ಮುಂದೆ ಬಿಟ್ಟಿದ್ದರೂ ಅವುಗಳ ಮೂತಿ ರಸ್ತೆಯ ಕಡೆಗೇ ಇರುತ್ತಿತ್ತು. ಉಳಿದವರೆಲ್ಲ ಬಂದ ಹಾಗೇ ಕಳಚಿ ಒಳಗೆ ಹೋದರೆ, ಅವರು ಹೊಸ್ತಿಲ ಹತ್ತಿರ ನಿಂತು, ಬೆನ್ನು ತಿರುಗಿಸಿ, ಹಿಂದಹಿಂದಕ್ಕೆ ಹೆಜ್ಜೆ ಇಟ್ಟು, ಹಿಮ್ಮಡಿ ಗೋಡೆಗೆ ತಾಗುವಂತೆ ಚಪ್ಪಲಿ ಬಿಡುತ್ತಿದ್ದರು. ಕಂದು ಬಣ್ಣದ ಚಪ್ಪಲಿ; ಬಲಗಾಲಿನದು ಎಡಗಾಲಿನದಕ್ಕಿಂತ ಹೆಚ್ಚು ಸವೆದು ತೆಳ್ಳಗಾಗಿತ್ತು. ಬ್ರೇಕು, ಆಕ್ಸಿಲೇಟರು ತುಳಿದ ಕಾಲು ಅದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಸ ಗುಡಿಸುವಾಗ ಅವನ್ನು ಎಲ್ಲರ ಚಪ್ಪಲಿಯ ಹಾಗೆ ಒಳಮುಖ ಮಾಡಿ ಜೋಡಿಸಿಬಿಟ್ಟಿದ್ದೆ. ಮಾವ ನೋಡಿ ನಕ್ಕರು. "ಗಾಡೀನ ಯಾವಾಗ್ಲೂ ರಿವರ್ಸ್ ಆಕಿ ನಿಲ್ಲುಸ್ಬೇಕು ಕಣವ್ವ. ಓಗೋವಾಗ ಪರದಾಡ್ಬಾರ್ದು" ಎಂದು ಮತ್ತೆ ತಿರುಗಿಸಿ ಇಟ್ಟರು.

ಅವರು ಹಾಸನದಲ್ಲಿ ಟೂರಿಸ್ಟ್ ಬಸ್ಸಿನ ಡ್ರೈವರಾಗಿದ್ದವರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಊರೂರಿನಿಂದ ಬಂದವರನ್ನು ತುಂಬಿಕೊಂಡು ಒಂದು ಆಯುಷ್ಯವನ್ನೇ ಸ್ಟೇರಿಂಗ್ ಹಿಂದೆ ಕಳೆದಿದ್ದರು. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ದೊಡ್ಡ ಗಾಡಿ ಬಿಟ್ಟು, ಮನೆಯ ಮುಂದೆ ಒಂದು ಹಳೇ ಓಮ್ನಿ ಇಟ್ಟುಕೊಂಡಿದ್ದರು. ಅದೂ ಸದಾ ಗೇಟಿನ ಕಡೆ ಮುಖ ಮಾಡಿಯೇ ನಿಂತಿರುತ್ತಿತ್ತು.

ನಾನು ಹೊಳೆನರಸೀಪುರದ ಹುಡುಗಿ, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದವಳು. ಡ್ರೈವರ್ ಮಾವ ಸಿಕ್ಕಿದರು, ಹೊಯ್ಸಳರ ಗುಡಿಗಳನ್ನೆಲ್ಲ ಅರೆದು ಕುಡಿದಿರಬೇಕು ಎಂದುಕೊಂಡು ಒಂದು ದಿನ ಹಳೇಬೀಡಿನ ಗೋಡೆಯ ಸಾಲುಗಳ ಬಗ್ಗೆ ಕೇಳಿದೆ. ಅವರು ಗಂಭೀರವಾಗಿ, ಹಳೇಬೀಡು ಒಳ್ಳೆ ಜಾಗ, ನೆರಳಿದೆ, ಬೇಲೂರಿನಲ್ಲಿ ಗಾಡಿ ತಿರುಗಿಸುವುದೇ ಕಷ್ಟ, ಬೆಳಗೊಳದಲ್ಲಾದರೆ ಜನ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತದೆ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಯಾವ ಗುಡಿಯ ಒಳಗೂ ಕಾಲಿಟ್ಟಿರಲಿಲ್ಲ. ಜನರ ಸಾಮಾನೆಲ್ಲ ಬಸ್ಸಿನಲ್ಲಿರುತ್ತಿತ್ತು. ಗಾಡಿ ಬಿಟ್ಟು ಹೋಗುವ ಹಾಗಿಲ್ಲ ಎಂದು ಓನರು ಮೊದಲ ದಿನ ಹೇಳಿದ ಮಾತನ್ನು ಅವರು ಕೊನೆಯ ದಿನದವರೆಗೂ ಮೀರಿರಲಿಲ್ಲ.

ಹಾಗೆಂದು ಅವರು ಏನನ್ನೂ ನೋಡಿರಲಿಲ್ಲ ಎನ್ನುವಂತಿಲ್ಲ. ನೋಡಿ ಬಂದವರ ಮುಖ ನೋಡಿದ್ದರು. ಬೆಳಗೊಳದಲ್ಲಿ ಜನ ಮಂಡಿ ಹಿಡಿದುಕೊಂಡು, ಆದರೆ ನಗುತ್ತಾ ಬರುತ್ತಾರಂತೆ. ಬೇಲೂರಿನಿಂದ ಬರುವವರು ಎಲ್ಲರೂ ಒಟ್ಟಿಗೇ ಮಾತಾಡುತ್ತಾರಂತೆ. ಹಳೇಬೀಡಿನಲ್ಲಿ ಮಾತ್ರ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ, ಗಾಡಿ ಹೊರಟ ಮೇಲೇ ಬಾಯಿ ಬಿಡುತ್ತಾರಂತೆ. ಗುಡಿಯಿಂದ ಬಂದ ಮುಖ ಯಾವುದು, ಬರೀ ಬಿಸಿಲಿನಿಂದ ಬಂದ ಮುಖ ಯಾವುದು ಎಂದು ಅವರಿಗೆ ತಿಳಿಯುತ್ತಿತ್ತು. ಇದನ್ನು ಅವರು ಒಂದು ವಿದ್ಯೆ ಎಂದೇನೂ ಹೇಳಿಕೊಳ್ಳುತ್ತಿರಲಿಲ್ಲ. ಹೊತ್ತು ಹೋಗದವರಿಗೆ ಇನ್ನೇನು ಕೆಲಸ ಎನ್ನುತ್ತಿದ್ದರು.

ನನ್ನ ಓದಿನ ಕಥೆ ಆಗ ಅರ್ಧಕ್ಕೆ ನಿಂತಿತ್ತು. ಹಾಸನದಲ್ಲೇ ವಿಶ್ವವಿದ್ಯಾಲಯ, ಗಂಡನ ಮನೆಯೂ ಹಾಸನದಲ್ಲೇ, ಇನ್ನೇನು ತೊಂದರೆ ಎಂದು ಮದುವೆಗೆ ಮುಂಚೆ ಎಲ್ಲರೂ ತಲೆಯಾಡಿಸಿದ್ದರು. ಬಂದ ವರ್ಷವೇ ಮಗಳು ಹುಟ್ಟಿದಳು. ಪರೀಕ್ಷೆಗಳನ್ನು ಹೇಗೋ ಹಾಲು ಕುಡಿಸುತ್ತಾ ಓದಿ ಮುಗಿಸಿದೆ. ಉಳಿದಿದ್ದು ಕಿರುಪ್ರಬಂಧ ಒಂದೇ. ಹಾಸನದ ಸುತ್ತಮುತ್ತ ಹೆಚ್ಚು ಜನ ಹೋಗದ ಹಳೆಯ ಕಟ್ಟಡಗಳನ್ನು ಕಣ್ಣಾರೆ ನೋಡಿ ಬರೆಯಬೇಕಿತ್ತು. ಆ ವರ್ಷ ಕೊಡದಿದ್ದರೆ ಮತ್ತೆ ಮೊದಲಿನಿಂದ ಸೇರಬೇಕು ಎಂದು ವಿಭಾಗದ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮತ್ತೆ ಸೇರುವುದೆಂದರೆ ಆಗದ ಮಾತು. ಅದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಅತ್ತೆ ಕೆಟ್ಟವರಲ್ಲ. ಆದರೆ ಬಾಣಂತನ ಮುಗಿದು ಇನ್ನೂ ವರ್ಷ ತುಂಬದ ಸೊಸೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಪಾಳು ಗುಡಿ ಸುತ್ತುವುದು ಅವರ ಕಲ್ಪನೆಗೆ ಬರುವಂಥದ್ದಲ್ಲ. ಮಗು ದೊಡ್ಡದಾಗಲಿ, ಓದು ಎಲ್ಲಿಗೆ ಓಡಿಹೋಗುತ್ತದೆ ಎಂದರು. ನನ್ನ ಯಜಮಾನರು ಕರೆಂಟ್ ಆಫೀಸಿನಲ್ಲಿದ್ದರು. ಊರಿಗೆಲ್ಲ ಲೈನು ಸರಿಮಾಡುವ ಅವರು ಮನೆಯೊಳಗೆ ಯಾವ ತಂತಿಯನ್ನೂ ಮುಟ್ಟುತ್ತಿರಲಿಲ್ಲ. ನಾನು ಎರಡು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮೂರನೇ ದಿನ ಸದ್ದು ಮಾಡುವುದನ್ನೂ ಬಿಟ್ಟೆ. ಆ ದಿನವೇ ಇರಬೇಕು, ಮಾವ ನನ್ನ ಮುಖ ನೋಡಿದ್ದು.

ಸಂಜೆ ಕಾಫಿ ಕುಡಿಯುತ್ತಾ ಅವರು ಅತ್ತೆಗೆ, ಒಂದು ವಿಷಯ ಹೇಳುವುದು ಮರೆತಿದ್ದೆ ಎಂದರು. "ಕೂಸು ಉಟ್ಟಿದ್ ದಿನ ನಾನೊಂದು ಅರಕೆ ಒತ್ಕಂಡಿದ್ದೆ ಕಣೆ. ಸುತ್ತಮುತ್ತ ಇರೋ ಅಳೇ ಗುಡೀಗೆಲ್ಲ ಕೂಸ್ನೂ ಸೊಸೇನೂ ಕರ್ಕಂಡೋಗಿ ದೀಪ ಅಚ್ಚುಸ್ತೀನಿ ಅಂತ. ತೀರುಸ್ದೇ ಇದ್ರೆ ಎಂಗೆ?"

ಅತ್ತೆ ಲೋಟ ಕೆಳಗಿಟ್ಟು ಅವರನ್ನೇ ನೋಡಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಯಾವ ಯಾವ ಗುಡಿ ಎಂದು ಅತ್ತೆ ಕೇಳಿದರು. ಹೊತ್ತ ದಿನ ನೆನಪಿತ್ತು, ಈಗ ಸೊಸೆಯನ್ನೇ ಕೇಳಬೇಕು, ಅವಳಿಗೆ ಹಳೇ ಗುಡಿಗಳ ಹೆಸರು ಗೊತ್ತು ಎಂದರು ಮಾವ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅತ್ತೆ, ದೇವರ ಕೆಲಸ ಬಾಕಿ ಇಟ್ಟುಕೊಳ್ಳಬಾರದು ಎಂದಷ್ಟೇ ಹೇಳಿ ಎದ್ದುಹೋದರು. ಆ ಭಾನುವಾರ ಬೆಳಿಗ್ಗೆ ಎಣ್ಣೆ, ಬತ್ತಿ, ಬೆಂಕಿಪೊಟ್ಟಣ, ಒಂದು ಡಬ್ಬಿ ಚಿತ್ರಾನ್ನ ತಯಾರಾಗಿತ್ತು.

ಹಾಗೆ ಶುರುವಾಯಿತು ನಮ್ಮ ಸುತ್ತಾಟ. ಕೊರವಂಗಲ, ದೊಡ್ಡಗದ್ದವಳ್ಳಿ, ಚನ್ನರಾಯಪಟ್ಟಣದ ಕಡೆಯ ನುಗ್ಗೇಹಳ್ಳಿ, ಅರಕಲಗೂಡು ದಾಟಿ ರಾಮನಾಥಪುರ. ಗುಡಿ ಕಂಡ ಕೂಡಲೇ ಮಾವ ಓಮ್ನಿಯನ್ನು ಹಿಂದಕ್ಕೆ ತೆಗೆದು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಬಾಗಿಲು ಸರಿಸಿ, ಸೀಟಿನ ಮೇಲೆ ನನ್ನ ಹಳೇ ಸೀರೆ ಹಾಸಿ, ಮಗುವನ್ನು ಮಲಗಿಸಿಕೊಳ್ಳುತ್ತಿದ್ದರು. ನೀವೂ ಒಳಗೆ ಬನ್ನಿ ಮಾವ ಎಂದರೆ, ಗಾಡಿ ಬಿಟ್ಟು ಬರುವ ಹಾಗಿಲ್ಲ ಎನ್ನುತ್ತಿದ್ದರು. ಓನರು ಯಾರು ಮಾವ ಈಗ ಎಂದು ರೇಗಿಸಿದರೆ, ಮಗುವಿನ ಕಡೆ ಬೆರಳು ತೋರಿಸುತ್ತಿದ್ದರು.

ನಮ್ಮ ನಡುವೆ ಹಾರನ್ನಿನದೇ ಒಂದು ಭಾಷೆ ಇತ್ತು. ಸಣ್ಣಗೆ ಎರಡು ಸಲ ಆದರೆ ಮಗು ಹಾಲಿಗೆ ಅಳುತ್ತಿದೆ ಎಂದರ್ಥ. ಉದ್ದಕ್ಕೆ ಒಂದು ಸಲ ಆದರೆ ಮೋಡ ಆಗಿದೆ, ಮುಗಿಸು ಎಂದರ್ಥ. ದೊಡ್ಡಗದ್ದವಳ್ಳಿಯಲ್ಲಿ ಕತ್ತಲೆಯ ಮಂಟಪದಲ್ಲಿ ಟಾರ್ಚು ಹಿಡಿದು ನಿಂತಿದ್ದಾಗ ಕೆರೆಯ ಕಡೆಯಿಂದ ಆ ಸಣ್ಣ ಹಾರನ್ನು ಕೇಳಿ, ಅರ್ಧ ಅಳತೆ ಬಿಟ್ಟು ಓಡಿದ್ದು ಈಗಲೂ ನೆನಪಿದೆ. ಹೋಗಿ ನೋಡಿದರೆ ಮಗು ನಗುತ್ತಾ ಸ್ಟೇರಿಂಗ್ ಹಿಡಿದುಕೊಂಡು ನಿಂತಿದ್ದಾಳೆ. ಹಾರನ್ನು ಒತ್ತಿದ್ದು ಅವಳೇ. ಮಾವ ನನ್ನ ಕಡೆ ನೋಡದೆ ಗಾಜು ಒರೆಸುತ್ತಿದ್ದರು.

ದೀಪದ ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ಮೊದಲು ದೀಪ, ಆಮೇಲೆ ಅಳತೆ, ಫೋಟೋ. ಹೇಳಿದ್ದು ಸುಳ್ಳಾಗಬಾರದು ಎನ್ನುತ್ತಿದ್ದರು. ಒಳಗೆ ಎಣ್ಣೆ ಹಚ್ಚಲು ಬಿಡದ ಕಡೆ ಹೊರಗೆ ಮರದ ಬುಡದಲ್ಲಾದರೂ ಹಚ್ಚಿಯೇ ಮುಂದಿನ ಕೆಲಸ. ಹೀಗೆ ಒಂದು ಸುಳ್ಳನ್ನು ಅವರು ವಾರವಾರವೂ ಕಷ್ಟಪಟ್ಟು ನಿಜ ಮಾಡುತ್ತಾ ಬಂದರು.

ಹಿಂದಿರುಗುವ ದಾರಿಯಲ್ಲಿ ಅವರದು ಒಂದೇ ಪ್ರಶ್ನೆ. "ಏನ್ ಕಂಡೆ ಮಗ?"

ಮೊದಮೊದಲು ನಾನು ಕ್ಲಾಸಿನಲ್ಲಿ ಕಲಿತಿದ್ದನ್ನು ಒಪ್ಪಿಸುತ್ತಿದ್ದೆ. ತ್ರಿಕೂಟ, ಭದ್ರಕ, ನವರಂಗ. ಅವರು ಗೇರು ಬದಲಿಸಿ, "ಅದು ಪುಸ್ತಕದಾಗೆ ಐತಲ್ಲ, ನೀನ್ ಏನ್ ಕಂಡೆ ಯೋಳು" ಎನ್ನುತ್ತಿದ್ದರು. ಯೋಚಿಸಬೇಕಾಗುತ್ತಿತ್ತು. ದೊಡ್ಡಗದ್ದವಳ್ಳಿಯ ದಿನ, ಕಾಳಿಯ ಗುಡಿಯ ಬಾಗಿಲಲ್ಲಿ ಎರಡು ಬೇತಾಳಗಳು ನಿಂತಿವೆ ಮಾವ, ಬರೀ ಎಲುಬಿನ ಗೂಡು, ಪಕ್ಕೆಲುಬು ಎಣಿಸಬಹುದು ಎಂದೆ. ಅವರು ಎದುರಿಗೆ ಬಂದ ಲಾರಿಗೆ ದಾರಿ ಬಿಟ್ಟರು. ಆಮೇಲೆ, "ಪಾಪ. ಬಾಗ್ಲಾಗ್ ನಿಂತೋರ್ಗೆ ಯಾರು ಊಟ ಕೊಟ್ಟಾರು" ಎಂದರು. ನನ್ನ ಪ್ರಬಂಧದಲ್ಲಿ ದ್ವಾರಪಾಲಕರ ಬಗ್ಗೆ ಒಂದು ಇಡೀ ಅಧ್ಯಾಯ ಬಂದದ್ದು ಆ ಒಂದು ಮಾತಿನಿಂದ. ಒಳಗಿನ ದೇವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನೀನು ಬಾಗಿಲಲ್ಲಿ ನಿಂತವರನ್ನು ನೋಡಿದ್ದೀಯ ಎಂದು ಮೇಡಂ ಬೆನ್ನು ತಟ್ಟಿದಾಗ, ಬೆನ್ನು ನನ್ನದಾದರೂ ಅದು ತಲುಪಬೇಕಾದ ಕಡೆ ಬೇರೆ ಇತ್ತು.

ಹರಕೆಯ ಕಥೆಗೆ ಇಕ್ಕಟ್ಟು ಬಂದದ್ದು ಜಿನನಾಥಪುರದ ಬಸದಿ ಬಂದಾಗ. ನಮ್ಮ ಮನೆಯಲ್ಲಿ ಬೆಳಗೊಳಕ್ಕೆ ಹೋಗುವುದು ಹೊಸದಲ್ಲ, ಆದರೆ ಪಕ್ಕದ ಹಳ್ಳಿಯ ಜೈನ ಬಸದಿಗೆ ಹರಕೆ ಯಾರು ಹೊರುತ್ತಾರೆ? ಮಾವ ಹಿಂದಿನ ರಾತ್ರಿಯೇ ಅತ್ತೆಯ ಮುಂದೆ, ದೇವರುಗಳಲ್ಲಿ ಭೇದ ಮಾಡಬಾರದು ಎಂದು ಹೊತ್ತಿದ್ದಾಗಿ ಹೇಳಿ ತಲೆ ಕೆರೆದುಕೊಂಡರು. ಅತ್ತೆ ಎದ್ದು ಬೆಳಗಿನ ಡಬ್ಬಿಗೆ ಅಕ್ಕಿ ಅಳೆದಿಟ್ಟರು. ಬಸದಿಯ ಹೊರಗೋಡೆಯ ಹೆಂಗಸರ ಶಿಲ್ಪಗಳನ್ನೆಲ್ಲ ನೋಡಿ ಬಂದು ಮರದ ನೆರಳಲ್ಲಿ ಡಬ್ಬಿ ಬಿಚ್ಚಿದರೆ, ಆ ದಿನದ ಚಿತ್ರಾನ್ನಕ್ಕೆ ಈರುಳ್ಳಿ ಹಾಕಿರಲಿಲ್ಲ. ಈರುಳ್ಳಿ ಮುಗಿದಿರಬೇಕು ಎಂದುಕೊಂಡೆವು.

ಕೊನೆಗೆ ಶೆಟ್ಟಿಹಳ್ಳಿಯ ಚರ್ಚು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ನೆಲ ಕಾಣುವ ಆ ಪಾಳು ಚರ್ಚಿಗೆ ಈಗ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳದೇ ಜಾತ್ರೆ. ಅದಕ್ಕೂ ಹರಕೆ ಎನ್ನಲು ಮಾವನಿಗೇ ಧೈರ್ಯ ಸಾಲಲಿಲ್ಲ. ಬೆಳಿಗ್ಗೆ ಮೆಲ್ಲಗೆ, ಗೊರೂರಿನ ಕಡೆ ಹೋಗಿಬರುತ್ತೇವೆ ಎಂದರು. ಅತ್ತೆ ತಂದುಕೊಟ್ಟ ಚೀಲದಲ್ಲಿ ಎಣ್ಣೆ ಬತ್ತಿ ಇರಲಿಲ್ಲ. ಕರೆಂಟು ಹೋದಾಗ ಹಚ್ಚುವ ಮೇಣದ ಬತ್ತಿ ಇತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಸರದಲ್ಲಿ ಕೈತಪ್ಪಿ ಬಂದಿರಬೇಕು ಎಂದರು ಮಾವ. ಚರ್ಚಿನ ಗೋಡೆಯ ಮೇಲೆ ಆ ಬತ್ತಿಯನ್ನು ಹಚ್ಚಿದೆ. ಗಾಳಿಗೆ ನಿಲ್ಲಲಿಲ್ಲ, ಮತ್ತೆ ಮತ್ತೆ ಹಚ್ಚಿದೆ.

ಪ್ರಬಂಧ ಕೊಟ್ಟೆ. ಫಲಿತಾಂಶ ಮೊಬೈಲಿನಲ್ಲಿ ಬಂದ ದಿನ ಮಾವ ಅಂಗಳದಲ್ಲಿ ಓಮ್ನಿ ತೊಳೆಯುತ್ತಿದ್ದರು. ಪಾಸಾದೆ ಮಾವ ಎಂದೆ. ಅವರು ನೀರಿನ ಪೈಪನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು, ಕೇಳಿದ್ದಕ್ಕಿಂತ ನೋಡಿದ್ದನ್ನೇ ನಂಬುವವರ ಹಾಗೆ. ನೀರು ಅಂಗಳ ತುಂಬಿ ರಸ್ತೆಗೆ ಹರಿಯುತ್ತಿತ್ತು. ಆಮೇಲೆ ನಲ್ಲಿ ನಿಲ್ಲಿಸಿ, ಮಾರನೇ ದಿನ ಇನ್ನೊಂದು ಕಡೆ ಹೋಗುವುದು ಬಾಕಿ ಇದೆ ಎಂದರು.

ನಾನು ಹೋಗಬೇಕಾದ ಜಾಗಗಳೆಲ್ಲ ಮುಗಿದಿದ್ದವು. ಅವರು ಗಾಡಿ ಓಡಿಸಿದ್ದು ಮೊಸಳೆ ಎಂಬ ಊರಿಗೆ. ಹಾಸನದಿಂದ ನನ್ನ ತವರಿನ ರಸ್ತೆಯಲ್ಲಿ, ಒಂದರ ಪಕ್ಕ ಒಂದು ನಿಂತಿರುವ ಒಂದೇ ರೀತಿಯ ಎರಡು ಗುಡಿಗಳ ಊರು. ನಾನು ಹಿಂದೆಯೇ ನೋಡಿ ಬರೆದದ್ದು. ಮಗುವನ್ನು ಆ ದಿನ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆವು. ಮಾವ ಗಾಡಿ ನಿಲ್ಲಿಸಿ, ಗಾಜು ಏರಿಸಿ, ಬಾಗಿಲಿಗೆ ಬೀಗ ಹಾಕಿದರು. ಎಳೆದು ನೋಡಿದರು. ಮತ್ತೊಮ್ಮೆ ಎಳೆದು ನೋಡಿದರು.

"ಬೇರೆ ಅರಕೆ ಎಲ್ಲ ಅಂಗಂಗೇ ಬಂದಿದ್ದು ಕಣವ್ವ. ನಿಜ್ವಾಗ್ಲೂ ಒತ್ಕಂಡಿದ್ದು ಇದೊಂದೇಯ. ನೀನ್ ಪಾಸಾದ್ರೆ ಗಾಡಿ ಬಿಟ್ಟು ಒಳಕ್ ಬತ್ತೀನಿ ಅಂತ. ತೋರ್ಸು."

ಎಷ್ಟೋ ಪುಟ ಬರೆದಿದ್ದವಳಿಗೆ ಎಲ್ಲಿಂದ ಶುರುಮಾಡಬೇಕು ಎಂದೇ ತಿಳಿಯಲಿಲ್ಲ. ಹೊರಗೋಡೆಯನ್ನು ಸುತ್ತಿದೆವು. ಅವರು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಶಿಲ್ಪಗಳ ಹತ್ತಿರಕ್ಕೆ ತಂದು, ಮುಟ್ಟದೆ ಹಿಂದಕ್ಕೆ ತೆಗೆಯುತ್ತಿದ್ದರು. ಎರಡು ಗುಡಿಗಳ ನಡುವಿನ ಸಂದಿಯಲ್ಲಿ ನಿಂತು ಅತ್ತಿತ್ತ ನೋಡಿ, "ಪಕ್ಕದ್ ಗಾಡಿಗೆ ಕನ್ನಡಿ ತಾಗ್ದಂಗೆ ನಿಲ್ಸವ್ರೆ ನೋಡು. ಒಳ್ಳೆ ಕೈ" ಎಂದರು. ನನ್ನ ಪ್ರಬಂಧದಲ್ಲಿ ಇಷ್ಟು ಚೆನ್ನಾಗಿರುವ ವಾಕ್ಯ ಒಂದೂ ಇರಲಿಲ್ಲ. ಒಳಗೆ ಹೋಗಿ ತಲೆ ಎತ್ತಿ ಛಾವಣಿಯ ಕಮಲಗಳನ್ನು ತೋರಿಸಿದೆ. ಅವರು ಎತ್ತಿದ ತಲೆ ಇಳಿಸಲೇ ಇಲ್ಲ. ಕತ್ತು ನೋಯುತ್ತೆ ಮಾವ ಎಂದೆ. ನೋಯಲಿ ಬಿಡು, ಇಷ್ಟು ವರ್ಷ ಮುಂದೆ ನೋಡಿದ ಕತ್ತು ಎಂದರು.

ಹೊರಗೆ ಬಂದಾಗ ಅವರ ಚಪ್ಪಲಿ ನೋಡಿದೆ. ಬಂದ ಹಾಗೇ ಕಳಚಿ ಹೋಗಿದ್ದರು. ಎರಡರ ಮೂತಿಯೂ ಗುಡಿಯ ಕಡೆಗಿತ್ತು.

ದಾರಿಯಲ್ಲಿ ನಾನೇ ಕೇಳಿದೆ, ಏನು ಕಂಡಿರಿ ಮಾವ ಎಂದು. ಅವರು ಮನೆ ಬರುವವರೆಗೂ ಮಾತಾಡಲಿಲ್ಲ. ಹಳೇಬೀಡಿನಿಂದ ಬಂದವರ ಮುಖ ಹೇಗಿರುತ್ತದೆ ಎಂದು ಅವರು ಹೇಳುತ್ತಿದ್ದರಲ್ಲ, ಅದನ್ನು ನಾನು ಆ ದಿನ ಪಕ್ಕದ ಸೀಟಿನಲ್ಲಿ ಕೂತು ನೋಡಿದೆ.

ಹೋದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಜಗುಲಿಯ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ನರಳಲಿಲ್ಲ, ಯಾರನ್ನೂ ಕಾಯಿಸಲಿಲ್ಲ. ಹೋಗುವಾಗ ಪರದಾಡಬಾರದು ಎಂದು ಚಪ್ಪಲಿಯ ಬಗ್ಗೆ ಹೇಳಿದ ಮಾತು ಆ ದಿನ ನೆನಪಾಗಿ ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ದೇವರ ಕೋಣೆಯ ಮುಂದೆ ಬತ್ತಿ ಹೊಸೆಯುತ್ತಾ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದೆ, ಆ ಹರಕೆ ನಿಜವಾದ ಹರಕೆ ಆಗಿರಲಿಲ್ಲ ಅತ್ತೆ ಎಂದೆ. ಅವರು ಹತ್ತಿಯಿಂದ ಕಣ್ಣೆತ್ತಲಿಲ್ಲ.

"ನಂಗೊತ್ತಿಲ್ವೇನೆ? ಕೂಸು ಉಟ್ಟಿದ್ ದಿನ ಆಸ್ಪತ್ರೆ ಬೆಂಚಿನ್ ಮ್ಯಾಲೆ ನನ್ ಪಕ್ದಾಗೇ ಗೊರಕೆ ಒಡೀತಿದ್ರು. ಯಾವ್ ಅರಕೆ ಒತ್ತಾರು?"

ಬಸದಿಯ ದಿನದ ಈರುಳ್ಳಿ ಇಲ್ಲದ ಚಿತ್ರಾನ್ನ, ಚರ್ಚಿನ ದಿನ ಚೀಲದಲ್ಲಿದ್ದ ಮೇಣದ ಬತ್ತಿ ಎರಡೂ ಒಟ್ಟಿಗೇ ನನ್ನ ಕಣ್ಣ ಮುಂದೆ ಬಂದವು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಸೊಸೇನ ಓದಾಕ್ ಕಳುಸ್ತೀನಿ ಅಂದ್ರೆ ನಮ್ಮೋರು ನೂರ್ ಮಾತಾಡೋರು. ಬಾಣಂತೀನ ಬೀದಿಗ್ ಬಿಟ್ಳು ಅನ್ನೋರು. ಅರಕೆ ಅಂದ್ರೆ ಯಾರು ಏನಂದಾರು? ನಂಗೂ ಯೋಳ್ಕಳಾಕೆ ಒಂದ್ ಮಾತು ಬೇಕಿತ್ತು ಕಣೆ. ಅದ್ನ ಅವ್ರು ತಂದ್ಕೊಟ್ರು."

ಅಷ್ಟು ಹೇಳಿ ಒಂದು ಹಿಡಿ ಹತ್ತಿಯನ್ನು ನನ್ನ ಮಡಿಲಿಗೆ ಹಾಕಿದರು. ಇಬ್ಬರೂ ಬತ್ತಿ ಹೊಸೆದೆವು. ನಮ್ಮ ಕಡೆಯವರ ಬಾಯಲ್ಲಿ ಹರಕೆ 'ಅರಕೆ' ಆಗುತ್ತದೆ. ಹಳೆಯ ಕನ್ನಡದಲ್ಲಿ ಅರಕೆ ಎಂದರೆ ಕೊರತೆ. ನನ್ನ ಕೊರತೆಯನ್ನು ಒಬ್ಬರು ಹರಕೆ ಮಾಡಿಕೊಂಡು ಹೊತ್ತರು, ಇನ್ನೊಬ್ಬರು ಗೊತ್ತಿದ್ದೂ ವಾರವಾರ ಎಣ್ಣೆ ಬತ್ತಿ ಕೊಟ್ಟರು. ಅವರಿಬ್ಬರ ನಡುವೆ ನಾನು ಓದಿ ಮೇಲೆ ಬಂದೆ. ಇದನ್ನು ಯಾವ ದೇವರಿಗೆ ಒಪ್ಪಿಸಬೇಕೋ ನನಗೆ ತಿಳಿಯದು.

ನಾನೀಗ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಗುಡಿ ಬಂದ ಕೂಡಲೇ ಮಕ್ಕಳು ಇಳಿದು ಸೆಲ್ಫಿಗೆ ಓಡುತ್ತಾರೆ, ಡ್ರೈವರು ಸೀಟು ಹಿಂದಕ್ಕೆ ಒರಗಿಸಿ ಟವೆಲು ಮುಖದ ಮೇಲೆ ಹಾಕಿಕೊಳ್ಳುತ್ತಾರೆ. ನಾನು ಕೆಳಗೆ ನಿಂತು, ಬೀಗ ಹಾಕಿಕೊಂಡು ಬನ್ನಿ ಅಣ್ಣ, ಒಳಗೆ ಹೋಗೋಣ ಎನ್ನುತ್ತೇನೆ. ಅವರು ಸಂಕೋಚಪಡುತ್ತಾರೆ. ಎಷ್ಟೋ ಸಲ ಬಂದಿದ್ದೇನೆ ಮೇಡಂ, ನನಗ್ಯಾಕೆ ಎನ್ನುತ್ತಾರೆ. ಗಾಡಿ ಬಿಟ್ಟು ಬರುವ ಹಾಗಿಲ್ಲ ಎಂದೂ ಕೆಲವರು ಅನ್ನುತ್ತಾರೆ.

ಆಗ ನಾನು, ಬನ್ನಿ ಅಣ್ಣ, ನಂದೊಂದು ಹರಕೆ ಇದೆ ಎನ್ನುತ್ತೇನೆ. ಹರಕೆ ಎಂದ ಮೇಲೆ ಇದುವರೆಗೂ ಯಾರೂ ಬರುವುದಿಲ್ಲ ಅಂದಿಲ್ಲ.